ಖುಲಾಸೆಯಾದ ಮೇಲೂ ಉಳಿಯುವ ಹೆಸರು

ಕೋರ್ಟಿನಲ್ಲಿ ಒಬ್ಬನ ಮೇಲಿನ ಆರೋಪ ಬಿದ್ದುಹೋದರೆ ಕನ್ನಡ ಪತ್ರಿಕೆಗಳು ‘ಆರೋಪಿ ಖುಲಾಸೆ’ ಅಂತ ಬರೆಯುತ್ತವೆ. ನಮ್ಮ ಮನೆಯ ಉರ್ದುವಿನಲ್ಲಿ ಖುಲಾಸಾ ಅಂದರೆ ಸಾರಾಂಶ, ಪಾಠ ಮುಗಿದ ಮೇಲೆ ಮಕ್ಕಳಿಂದ ಬರೆಸುವುದು. ಎರಡಕ್ಕೂ ಬೇರು ಒಂದೇ ಅರಬ್ಬಿ ಧಾತು. ಕಲಬೆರಕೆ ಹೋಗಿ ಶುದ್ಧವಾಗುವುದು, ಕಟ್ಟಿನಿಂದ ಬಿಡುಗಡೆಯಾಗುವುದು, ಈ ಎರಡೂ ಅರ್ಥ ಅದರಲ್ಲಿವೆ. ಕಚೇರಿ ಕನ್ನಡದ ತುಂಬ ಇಂಥ ಪದಗಳೇ ಇವೆ: ಜಿಲ್ಲೆ, ದಾಖಲೆ, ಜಾಮೀನು, ಖೈದಿ, ವಕೀಲ, ಫಿರ್ಯಾದಿ, ಮಹಜರು, ಮೊಹರು. ನನ್ನ ಉರ್ದು ಕ್ಲಾಸಿನ ಮಕ್ಕಳಿಗೆ ಕನ್ನಡ ಪತ್ರಿಕೆಯ ಕ್ರೈಂ ಪುಟ ಕೊಟ್ಟರೆ ಅರ್ಧ ಪದ ಪರಿಚಯದವೇ ಅಂತ ಖುಷಿಪಡುತ್ತಾರೆ.

ಆದರೆ ಈ ಲೇಖನ ಪದಗಳ ಬಗ್ಗೆ ಅಲ್ಲ. ಖುಲಾಸೆ ಅನ್ನೋ ಪದ ಕೋರ್ಟಿನ ಆದೇಶದಲ್ಲಿ ಬಂದುಬಿಟ್ಟರೆ ಠಾಣೆಯ ಪುಸ್ತಕದಲ್ಲಿರುವ ಹೆಸರೂ ಖುಲಾಸೆ ಆಗುತ್ತದೆಯೇ? ಹೆಚ್ಚಿನವರು ಆಗುತ್ತೆ ಅಂದುಕೊಂಡಿರುತ್ತಾರೆ. ಆಗುವುದಿಲ್ಲ. ಯಾಕೆ ಆಗುವುದಿಲ್ಲ ಅಂತ ತಿಳಿಯಲು ಒಂದೂವರೆ ಶತಮಾನ ಹಿಂದಕ್ಕೆ ಹೋಗಬೇಕು.

ಮೊದಲು ಒಂದು ಮಾತು ಮನಸ್ಸಿನಲ್ಲಿಟ್ಟುಕೊಳ್ಳಿ. ಒಂದು ಜಿಲ್ಲೆಯಲ್ಲಿ ಒಬ್ಬ ಮನುಷ್ಯನ ‘ಕ್ರಿಮಿನಲ್ ದಾಖಲೆ’ ಅನ್ನುವುದು ಒಂದು ಕಾಗದವಲ್ಲ. ಠಾಣೆಯಲ್ಲಿ ಒಂದಿರುತ್ತದೆ, ಕೋರ್ಟಿನಲ್ಲಿ ಒಂದಿರುತ್ತದೆ, ಬೆರಳಚ್ಚು ಇಟ್ಟುಕೊಳ್ಳುವ ಬ್ಯೂರೋದಲ್ಲಿ ಇನ್ನೊಂದಿರುತ್ತದೆ. ಮೂರೂ ಹುಟ್ಟಿದ ಕಾಲ ಬೇರೆ, ಮೂರಕ್ಕೂ ಕಾನೂನು ಬೇರೆ. ಒಂದು ಕಡೆ ಹೊಡೆದುಹಾಕಿದ್ದು ಇನ್ನೊಂದು ಕಡೆಗೆ ತಾನಾಗಿ ತಲುಪುವುದಿಲ್ಲ.

ಠಾಣೆಯದೇ ಎಲ್ಲಕ್ಕಿಂತ ಹಳೆಯದು. ಕಾರ್ನ್‌ವಾಲಿಸ್ ಕಾಲದಲ್ಲಿ, 1793ರ ಸುಮಾರಿಗೆ, ಬಂಗಾಳದ ಜಿಲ್ಲೆಗಳನ್ನು ಠಾಣೆಗಳಾಗಿ ಒಡೆದು ಒಂದೊಂದಕ್ಕೂ ದಾರೋಗಾನನ್ನು ಕೂರಿಸಿದರು. 1861ರ ಪೊಲೀಸ್ ಕಾಯ್ದೆಯ 44ನೇ ಕಲಮು ಪ್ರತಿ ಠಾಣೆಯಲ್ಲೂ ಜನರಲ್ ಡೈರಿ ಇಡಬೇಕು ಅಂತ ಕಡ್ಡಾಯ ಮಾಡಿತು. ಆ ದಿನ ಯಾರು ದೂರು ಕೊಟ್ಟರು, ಯಾರನ್ನು ಹಿಡಿದರು, ಅವರ ಹತ್ತಿರ ಏನು ಸಿಕ್ಕಿತು, ಸಾಕ್ಷಿ ಯಾರು ಅಂತ ಅದರಲ್ಲಿ ಬರೆಯಬೇಕು. ಇದು ಘಟನೆಯ ಪುಸ್ತಕ. ಆದದ್ದನ್ನು ಬರೆಯುವುದರಲ್ಲಿ ತಪ್ಪೇನೂ ಇಲ್ಲ.

ತೊಂದರೆ ಶುರುವಾದದ್ದು ಹತ್ತು ವರ್ಷದ ಮೇಲೆ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಬಂದಾಗ ಪುಸ್ತಕದ ಸ್ವಭಾವವೇ ಬದಲಾಯಿತು. ಸರ್ಕಾರ ಒಂದು ಸಮುದಾಯವನ್ನು ‘ಅಪರಾಧಿ ಬುಡಕಟ್ಟು’ ಅಂತ ಘೋಷಿಸಿದರೆ ಸಾಕು, ಜಿಲ್ಲಾ ಮ್ಯಾಜಿಸ್ಟ್ರೇಟ್ ಅದರ ಸದಸ್ಯರ ಹೆಸರುಗಳ ರಿಜಿಸ್ಟರ್ ತಯಾರಿಸುತ್ತಿದ್ದ. ಅದು ಜಿಲ್ಲಾ ಪೊಲೀಸ್ ಸೂಪರಿಂಟೆಂಡೆಂಟನ ವಶದಲ್ಲಿ ಇರುತ್ತಿತ್ತು. ಏನು ಮಾಡಿದ ಅನ್ನುವ ಪ್ರಶ್ನೆಯೇ ಅಲ್ಲಿಲ್ಲ, ಯಾರ ಮನೆಯಲ್ಲಿ ಹುಟ್ಟಿದ ಅನ್ನುವುದಷ್ಟೇ. ಹೆಸರು ಬಂದವರು ಹೇಳಿದ ಹೊತ್ತಿಗೆ ಹಾಜರಿ ಕೊಡಬೇಕು, ಪಾಸ್ ಇಲ್ಲದೆ ಊರು ಬಿಡುವಂತಿಲ್ಲ. ನಾನು ದಿನಾ ಬೆಳಿಗ್ಗೆ ಕ್ಲಾಸಿನಲ್ಲಿ ಕರೆಯುವುದೂ ಹಾಜರಿಯೇ, ಅದಕ್ಕೇ ಈ ಪದ ಈ ಕಾನೂನಿನಲ್ಲಿ ಓದಿದಾಗ ಬೇರೆಯೇ ಥರ ಕೇಳಿಸುತ್ತದೆ.

ಈಗ ಒಂದು ವಿಚಿತ್ರ ನೋಡಿ. ಅಷ್ಟು ಕಠಿಣವಾದ ಕಾನೂನಿನಲ್ಲೂ ಹೆಸರು ತೆಗೆಸುವ ದಾರಿ ಒಂದಿತ್ತು. ರಿಜಿಸ್ಟರಿನಲ್ಲಿ ತನ್ನ ಹೆಸರು ಬಂದದ್ದು ಅನ್ಯಾಯ ಅನ್ನಿಸಿದವನು ಮ್ಯಾಜಿಸ್ಟ್ರೇಟನ ಮುಂದೆ ದೂರು ಕೊಡಬಹುದಿತ್ತು, ಮ್ಯಾಜಿಸ್ಟ್ರೇಟ್ ಆ ಹೆಸರನ್ನು ಇಡಲೂಬಹುದು, ಹೊಡೆದುಹಾಕಲೂಬಹುದು. ಕಾಗದದ ಮೇಲೆ ಎಷ್ಟು ಚೆನ್ನಾಗಿದೆ! ಆದರೆ ದೂರು ಬರೆಯಲು ಅಕ್ಷರ ಬೇಕು, ಜಿಲ್ಲಾ ಕೇಂದ್ರಕ್ಕೆ ಹೋಗಲು ಪಾಸ್ ಬೇಕು. ಆ ಪಾಸ್ ಕೊಡುವವನು ಯಾರು? ಅದೇ ಪೊಲೀಸು. ಅಂದರೆ ಬಾಗಿಲು ಇತ್ತು, ಬೀಗದ ಕೈ ಮಾತ್ರ ಒಳಗಿನವನ ಜೇಬಿನಲ್ಲಿತ್ತು. ಮುಂದೆ ನಾನು ಹೇಳುವ ಎಲ್ಲ ಕಾನೂನುಗಳಲ್ಲೂ ಈ ಚಿತ್ರ ಬೇರೆ ಬೇರೆ ರೂಪದಲ್ಲಿ ಕಾಣಿಸುತ್ತದೆ.

1871ರ ಕಾಯ್ದೆ ಮೊದಲು ಉತ್ತರ ಭಾರತದಲ್ಲಿ ಜಾರಿಯಾಯಿತು. 1911ರಲ್ಲಿ ಹೊಸ ರೂಪ ಪಡೆದು ಮುಂಬೈ, ಮದ್ರಾಸ್ ಪ್ರಾಂತ್ಯಗಳಿಗೂ ಬಂತು. ಕನ್ನಡದ ನೆಲಕ್ಕೆ ಅದು ಬಂದದ್ದು ಹೀಗೆ. ಹುಬ್ಬಳ್ಳಿ, ಗದಗ, ಬಿಜಾಪುರ, ಪಕ್ಕದ ಸೋಲಾಪುರ, ಈ ಊರುಗಳಲ್ಲಿ ಸೆಟ್ಲ್‌ಮೆಂಟ್‌ಗಳಾದವು. ಹುಬ್ಬಳ್ಳಿಯಲ್ಲಿ ಇವತ್ತಿಗೂ ಆ ಬಡಾವಣೆಗೆ ಸೆಟ್ಲ್‌ಮೆಂಟ್ ಅಂತಲೇ ಹೆಸರು. ಆಟೋದವನಿಗೆ ಅಷ್ಟು ಹೇಳಿದರೆ ಸಾಕು, ಕರೆದುಕೊಂಡು ಹೋಗುತ್ತಾನೆ. ಮುಂಬೈ, ಪುಣೆಯ ನಮ್ಮ ಓದುಗರಲ್ಲಿ ಎಷ್ಟೋ ಜನ ರೈಲಿನಲ್ಲಿ ಊರಿಗೆ ಹೋಗುವಾಗ ಸೋಲಾಪುರ ದಾಟುತ್ತೀರಿ. ಅಲ್ಲಿ ಮುಳ್ಳುತಂತಿಯ ಒಳಗೆ ಇಡೀ ಕುಟುಂಬಗಳನ್ನು ಇಟ್ಟಿದ್ದರು. ಆರು ವರ್ಷ ದಾಟಿದ ಮಕ್ಕಳನ್ನು ತಂದೆತಾಯಿಯಿಂದ ಬೇರೆ ಮಾಡಿ ‘ಸುಧಾರಣಾ’ ಶಾಲೆಗೆ ಹಾಕುವ ಅಧಿಕಾರವೂ ಆ ಕಾಯ್ದೆಯಲ್ಲಿತ್ತು.

ಆ ಪಟ್ಟಿಯಲ್ಲಿ ಮುಸ್ಲಿಂ ಸಮುದಾಯವೂ ಇತ್ತು ಅನ್ನುವುದು ನಮ್ಮಲ್ಲೇ ಅನೇಕರಿಗೆ ಗೊತ್ತಿಲ್ಲ. ಬಿಜಾಪುರ ಸೀಮೆಯ ಛಪ್ಪರಬಂದರು. ಹೆಸರೇ ಹೇಳುವ ಹಾಗೆ ಚಪ್ಪರ, ಗುಡಿಸಲು ಹೊದಿಸುವವರು. ಮೊಗಲರ ಸೈನ್ಯದ ಜೊತೆ ದಕ್ಷಿಣಕ್ಕೆ ಬಂದವರು ಅಂತ ಹೇಳಿಕೆ. ಬ್ರಿಟಿಷ್ ಪೊಲೀಸ್ ಪುಸ್ತಕಗಳು ಇವರನ್ನು ಖೋಟಾ ನಾಣ್ಯ ಮಾಡುವವರು ಅಂತ ಗುರುತಿಸಿದವು, ಆಮೇಲೆ ಇಡೀ ಸಮುದಾಯ ಪಟ್ಟಿ ಸೇರಿತು. ಅವರಲ್ಲಿ ಕೆಲವರು ಖೋಟಾ ನಾಣ್ಯ ಮಾಡಿರಲೂಬಹುದು, ಅದನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಆದರೆ ಚಪ್ಪರ ಹಾಕಿ ಬದುಕಿದವನ ಮಗಳ ಹೆಸರು ಯಾವ ನಾಣ್ಯಕ್ಕಾಗಿ ರಿಜಿಸ್ಟರಿಗೆ ಬಂತು? ಇವತ್ತು ಮಹಾರಾಷ್ಟ್ರದ ವಿಮುಕ್ತ ಜಾತಿಗಳ ಪಟ್ಟಿಯಲ್ಲಿ, ಕರ್ನಾಟಕದ ಪ್ರವರ್ಗ 1ರಲ್ಲಿ ಅವರ ಹೆಸರಿದೆ. ಮೀಸಲಾತಿ ಅರ್ಜಿ ತುಂಬುವ ಹುಡುಗನಿಗೆ ‘ವಿಮುಕ್ತ’ ಅನ್ನುವ ಪದ ಯಾವುದರಿಂದ ಮುಕ್ತ ಅಂತ ಯಾರೂ ಹೇಳಿರುವುದಿಲ್ಲ. ಶಾಲೆಯ ಇತಿಹಾಸ ಪುಸ್ತಕದಲ್ಲಿ ಇದಕ್ಕೆ ಅರ್ಧ ಪುಟವಾದರೂ ಇರಬೇಕಿತ್ತು.

ಬೆರಳಚ್ಚಿನ ಕಥೆ ಬೇರೆ. ಅದರಲ್ಲಿ ನಮಗೆ ಸ್ವಲ್ಪ ಹೆಮ್ಮೆಯೂ ಇದೆ, ಸ್ವಲ್ಪ ಕಸಿವಿಸಿಯೂ ಇದೆ. ಲೋಕದ ಮೊದಮೊದಲ ಬೆರಳಚ್ಚು ಬ್ಯೂರೋ ಶುರುವಾದದ್ದು ಲಂಡನ್ನಿನಲ್ಲಿ ಅಲ್ಲ, 1897ರಲ್ಲಿ ಕಲ್ಕತ್ತಾದಲ್ಲಿ. ಪುಸ್ತಕಗಳಲ್ಲಿ ಅದಕ್ಕೆ ‘ಹೆನ್ರಿ ಪದ್ಧತಿ’ ಅಂತ ಹೆಸರು, ಬಂಗಾಳದ ಪೊಲೀಸ್ ಮುಖ್ಯಸ್ಥ ಎಡ್ವರ್ಡ್ ಹೆನ್ರಿಯ ಹೆಸರಿನಿಂದ. ಆದರೆ ಲೆಕ್ಕ ಹಾಕಿದವರು ಅವರ ಕೈಕೆಳಗಿನ ಇಬ್ಬರು: ಖಾಜಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್. ಸಾವಿರಾರು ಬೆರಳಚ್ಚು ಕೂಡಿಹಾಕುವುದು ಸುಲಭ, ಬೇಕಾದಾಗ ಬೇಕಾದದ್ದನ್ನು ಹುಡುಕುವುದೇ ಕಷ್ಟ. ಗಣಿತ ಓದಿದ್ದ ಹಕ್ ಹತ್ತು ಬೆರಳಿನ ಗುರುತುಗಳನ್ನು ಒಂದು ಸೂತ್ರಕ್ಕೆ ಇಳಿಸಿ, 32ಕ್ಕೆ 32 ಅಂತ 1024 ಗೂಡುಗಳಾಗಿ ವಿಂಗಡಿಸಿದರು. ಯಾರ ಬೆರಳಚ್ಚೇ ಬರಲಿ, ಯಾವ ಗೂಡಿನಲ್ಲಿ ಕೈಹಾಕಬೇಕು ಅಂತ ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಹೆನ್ರಿ ಅದೇ ಪದ್ಧತಿ ಹಿಡಿದುಕೊಂಡು 1901ರಲ್ಲಿ ಸ್ಕಾಟ್ಲೆಂಡ್ ಯಾರ್ಡಿಗೆ ಹೋದರು. ಹಕ್ ಅವರಿಗೆ ಖಾನ್ ಬಹಾದ್ದೂರ್ ಬಿರುದು, ಐದು ಸಾವಿರ ರೂಪಾಯಿ ಬಹುಮಾನ ಆಮೇಲೆ ಸಿಕ್ಕಿತು. ಅವರ ಪಾಲು ದೊಡ್ಡದು ಅಂತ ಹೆನ್ರಿ ಕೊನೆಗಾಲಕ್ಕೆ ಒಪ್ಪಿಕೊಂಡರು.

ಈ ಪದ್ಧತಿಯ ಶಕ್ತಿ ಮೊದಲು ಕಂಡದ್ದು 1898ರಲ್ಲಿ, ಜಲ್‌ಪೈಗುರಿಯ ಚಹಾ ತೋಟದ ಮ್ಯಾನೇಜರನ ಕೊಲೆ ಪ್ರಕರಣದಲ್ಲಿ. ಅಲ್ಲಿ ಸಿಕ್ಕ ಬಂಗಾಳಿ ಪಂಚಾಂಗದ ಮೇಲೆ ಒಂದು ಬೆರಳಿನ ಕಲೆ ಇತ್ತು. ಹಿಂದೆ ಕಳ್ಳತನಕ್ಕೆ ಜೈಲಿಗೆ ಹೋಗಿಬಂದಿದ್ದ ಹಳೆಯ ನೌಕರನೊಬ್ಬನ ಅಚ್ಚು ಬ್ಯೂರೋದಲ್ಲಿತ್ತು, ಅದಕ್ಕೆ ಇದು ತಾಳೆಯಾಯಿತು. ಕೋರ್ಟು ಅವನಿಗೆ ಕಳ್ಳತನಕ್ಕೆ ಶಿಕ್ಷೆ ಕೊಟ್ಟಿತು, ಕೊಲೆಗೆ ಕೊಡಲಿಲ್ಲ. ಬೆರಳು ಅಲ್ಲಿತ್ತು ಅನ್ನುವುದಕ್ಕೂ ಕೊಲೆ ಮಾಡಿದ ಅನ್ನುವುದಕ್ಕೂ ನಡುವೆ ಇರುವ ಅಂತರವನ್ನು ಆ ಕಾಲದ ಕೋರ್ಟು ಕೂಡ ಗುರುತಿಸಿತ್ತು. ದಾಖಲೆ ಏನನ್ನು ಹೇಳುತ್ತದೋ ಅಷ್ಟನ್ನು ಮಾತ್ರ ಓದಬೇಕು. ಇತಿಹಾಸ ಓದುವ ವಿದ್ಯಾರ್ಥಿಗಳಿಗೂ ಇದು ಕೆಲಸಕ್ಕೆ ಬರುವ ಪಾಠ.

1911ರ ಕಾಯ್ದೆ ಇದೇ ಬೆರಳಚ್ಚನ್ನು ಅಪರಾಧಿ ಬುಡಕಟ್ಟುಗಳ ರಿಜಿಸ್ಟರಿಗೂ ತಂದಿತು. 1920ರಲ್ಲಿ ಕೈದಿಗಳ ಗುರುತು ಕಾಯ್ದೆ ಬಂತು. ಅದರ 7ನೇ ಕಲಮಿನ ಪ್ರಕಾರ, ಹಿಂದೆ ಶಿಕ್ಷೆಯಾಗದ ಒಬ್ಬ ಮನುಷ್ಯ ವಿಚಾರಣೆ ಇಲ್ಲದೆ ಬಿಡುಗಡೆಯಾದರೆ ಅಥವಾ ಖುಲಾಸೆಯಾದರೆ ಅವನ ಅಳತೆ, ಫೋಟೋಗಳನ್ನು ನಾಶ ಮಾಡಬೇಕು, ಇಲ್ಲವೇ ಅವನ ಕೈಗೇ ಕೊಡಬೇಕು. ಕೋರ್ಟು ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟ್ ಬೇರೆ ಹೇಳಿದರೆ ಮಾತ್ರ ಇಟ್ಟುಕೊಳ್ಳಬಹುದು. ‘ಕೈಗೇ ಕೊಡಬೇಕು’ ಅನ್ನುವ ಮಾತು ನನಗೆ ಬಹಳ ಇಷ್ಟ. ಕಾಗದದ ಕಾಲದಲ್ಲಿ ಅದು ಸಾಧ್ಯವಿತ್ತು.

ಸ್ವಾತಂತ್ರ್ಯ ಬಂತು. 1952ರ ಆಗಸ್ಟ್ 31ರಂದು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ರದ್ದಾಯಿತು. ಆದರೆ ರಾಜ್ಯಗಳು ಒಂದೊಂದಾಗಿ ‘ರೂಢಿಗತ ಅಪರಾಧಿ’ ಕಾಯ್ದೆ ಮಾಡಿಕೊಂಡವು, ಮುಂಬೈ 1959ರಲ್ಲಿ, ನಮ್ಮ ಮೈಸೂರು ರಾಜ್ಯ 1961ರಲ್ಲಿ. ಈಗ ಹುಟ್ಟಿನ ಮೇಲಲ್ಲ, ಶಿಕ್ಷೆಯ ಮೇಲೆ ಹೆಸರು ಬರೆಯಬೇಕು ಅನ್ನುವುದು ದೊಡ್ಡ ಬದಲಾವಣೆ, ಒಪ್ಪೋಣ. ಠಾಣೆಯ ಒಳಗಿನ ಹಿಸ್ಟರಿ ಶೀಟ್ ಮಾತ್ರ ಯಾವ ಬದಲಾವಣೆಗೂ ಸಿಗದೆ ಹಾಗೇ ಮುಂದುವರಿಯಿತು. ಅದಕ್ಕೆ ಶಿಕ್ಷೆಯೂ ಬೇಡ, ಪೊಲೀಸರ ನಂಬಿಕೆ ಸಾಕು.

ಖರಕ್ ಸಿಂಗ್ ಅನ್ನುವವರ ಕಥೆ ಅದನ್ನು ತೋರಿಸುತ್ತದೆ. ಉತ್ತರ ಪ್ರದೇಶದಲ್ಲಿ 1941ರಲ್ಲಿ ಒಂದು ಡಕಾಯಿತಿ ಕೇಸಿನಲ್ಲಿ ಅವರನ್ನು ಹಿಡಿದರು. ಸಾಕ್ಷ್ಯ ಇಲ್ಲ ಅಂತ ಬಿಟ್ಟರು. ವಿಚಾರಣೆಯೇ ನಡೆಯಲಿಲ್ಲ. ಆದರೂ ಠಾಣೆಯಲ್ಲಿ ಅವರ ಹೆಸರಿನ ಹಿಸ್ಟರಿ ಶೀಟ್ ತೆರೆದುಕೊಂಡಿತು. ಅಲ್ಲಿಂದ ಮುಂದೆ ರಾತ್ರಿ ಹೊತ್ತು ಪೊಲೀಸರು ಬಂದು ಬಾಗಿಲು ಬಡಿಯುವುದು, ಕೂಗುವುದು, ಮಲಗಿದವರನ್ನು ಎಬ್ಬಿಸುವುದು, ಬೇರೆ ಊರಿಗೆ ಹೊರಟರೆ ಚೌಕೀದಾರನಿಗೆ ತಿಳಿಸಿ ಹೋಗಬೇಕಾಗುವುದು. ಇದು ವರ್ಷಗಟ್ಟಲೆ ನಡೆಯಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 1962ರ ಡಿಸೆಂಬರಿನಲ್ಲಿ ತೀರ್ಪು ಬಂತು: ರಾತ್ರಿ ಮನೆಗೆ ನುಗ್ಗುವ ನಿಯಮ ರದ್ದು, ಉಳಿದ ನಿಗಾ ಸರಿ, ಖಾಸಗಿತನ ಅನ್ನುವ ಹಕ್ಕು ಸಂವಿಧಾನದಲ್ಲಿ ಇಲ್ಲ. ನ್ಯಾಯಮೂರ್ತಿ ಸುಬ್ಬರಾವ್ ಇದಕ್ಕೆ ಒಪ್ಪಲಿಲ್ಲ, ಇಡೀ ನಿಯಮವೇ ಹೋಗಬೇಕು ಅಂತ ಬರೆದರು. ಅಲ್ಪಮತದ ಆ ಮಾತು ಗೆಲ್ಲಲು 55 ವರ್ಷ ಬೇಕಾಯಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿತು. ಆ ಕೇಸಿನ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ನಡುವೆ 1980ರಲ್ಲಿ ಪಂಜಾಬಿನ ಮಲಕ್ ಸಿಂಗ್ ಪ್ರಕರಣ ಬಂತು. ನಿಗಾ ರಿಜಿಸ್ಟರ್ ಗುಟ್ಟಿನ ದಾಖಲೆ, ಹೆಸರು ಸೇರಿಸುವ ಮೊದಲು ಆ ವ್ಯಕ್ತಿಯನ್ನು ಕೇಳಬೇಕಾಗಿಲ್ಲ ಅಂತ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಬರೆದರು. ಅದರ ಜೊತೆಗೇ, ಪೊಲೀಸರ ನಂಬಿಕೆಗೆ ಸಕಾರಣ ಇರಬೇಕು, ನಿಗಾ ಮನುಷ್ಯನ ಘನತೆ ಹಿಂಡುವ ಹಾಗಿರಬಾರದು ಅಂತಲೂ ಹೇಳಿದರು. ಮೊದಲ ಅರ್ಧ ಠಾಣೆಗಳಿಗೆ ಚೆನ್ನಾಗಿ ನೆನಪಿದೆ, ಎರಡನೆಯ ಅರ್ಧವನ್ನು ವಕೀಲರು ನೆನಪಿಸಬೇಕಾಗುತ್ತದೆ.

ನಾನಿರುವ ಹೈದರಾಬಾದಿನ ಮಾತು ಹೇಳುತ್ತೇನೆ. ಇಲ್ಲಿ 1348 ಫಸಲಿಯ ನಗರ ಪೊಲೀಸ್ ಕಾಯ್ದೆ, ಅಂದರೆ ನಿಜಾಮರ ಕಾಲದ್ದು, ಇನ್ನೂ ಕೋರ್ಟುಗಳಲ್ಲಿ ಹೆಸರು ಹೇಳಿಸಿಕೊಳ್ಳುತ್ತದೆ. ರೌಡಿ ಶೀಟ್ ವಿಷಯಕ್ಕೆ ಹಿಂದಿನ ಆಂಧ್ರ ಪೊಲೀಸ್ ಮ್ಯಾನ್ಯುಯಲ್ಲಿನ 601, 602ನೇ ಸ್ಟ್ಯಾಂಡಿಂಗ್ ಆರ್ಡರುಗಳಿವೆ. ಒಬ್ಬನ ಶೀಟನ್ನು ಡಿಸೆಂಬರ್ ಕೊನೆಯವರೆಗೆ ಇಡಬಹುದು, ಅದಕ್ಕಿಂತ ಮುಂದೆ ಇಡಬೇಕೋ ಮುಚ್ಚಬೇಕೋ ಅಂತ ಗೆಜೆಟೆಡ್ ಅಧಿಕಾರಿಯ ಆದೇಶ ಪಡೆಯಬೇಕು ಅನ್ನುವುದು ಅದರ ಸಾರ. ಅಂದರೆ ವರ್ಷಕ್ಕೊಮ್ಮೆ ಒಬ್ಬ ಮೇಲಧಿಕಾರಿ ಆ ಕಾಗದವನ್ನು ಕೈಗೆತ್ತಿಕೊಂಡು ಯೋಚಿಸಬೇಕು. ಆ ಆದೇಶವೇ ಇಲ್ಲದೆ, ಅಥವಾ ಒಂದೆರಡು ಹಳೆಯ ಕೇಸುಗಳನ್ನೇ ನೆಪ ಮಾಡಿಕೊಂಡು ಮುಂದುವರಿಸಿದ ಶೀಟುಗಳನ್ನು ಹೈಕೋರ್ಟು ಮುಚ್ಚಿಸಿದ್ದುಂಟು. ಆದರೆ ಅದಕ್ಕೆ ರಿಟ್ ಅರ್ಜಿ ಹಾಕಬೇಕು, ಹಾಕಲು ದುಡ್ಡು ಬೇಕು.

2024ರ ಮೇ 7ರಂದು ಸುಪ್ರೀಂ ಕೋರ್ಟು ಇನ್ನೊಂದು ಹೆಜ್ಜೆ ಇಟ್ಟಿತು. ದೆಹಲಿಯ ಶಾಸಕರಾಗಿದ್ದ ಅಮಾನತುಲ್ಲಾ ಖಾನ್ ಅವರ ಪ್ರಕರಣ ಅದು. ಅವರ ಹಿಸ್ಟರಿ ಶೀಟಿನಲ್ಲಿ ಅಪ್ರಾಪ್ತ ಮಕ್ಕಳ ವಿವರವೂ ಇತ್ತು. ಅವರು ಯಾರು, ಯಾವ ಪಕ್ಷ ಅನ್ನುವುದನ್ನು ಪಕ್ಕಕ್ಕಿಡಿ, ತೀರ್ಪು ಎಲ್ಲರದು. ಹಿಸ್ಟರಿ ಶೀಟ್ ಪೊಲೀಸರ ಒಳಗಿನ ದಾಖಲೆ, ಊರಿಗೆಲ್ಲ ಹಂಚುವುದಲ್ಲ. ಅಪರಾಧಿಗೆ ಆಶ್ರಯ ಕೊಟ್ಟ ಪುರಾವೆ ಇಲ್ಲದಿದ್ದರೆ ಅಪ್ರಾಪ್ತ ಸಂಬಂಧಿಕರ ವಿವರ ಅದರಲ್ಲಿ ಇರಕೂಡದು. ಹಿರಿಯ ಅಧಿಕಾರಿಯೊಬ್ಬರು ಕಾಲಕಾಲಕ್ಕೆ ಇವನ್ನು ಪರಿಶೀಲಿಸಬೇಕು. ಇಷ್ಟಕ್ಕೇ ನಿಲ್ಲಿಸದೆ ಕೋರ್ಟು ಎಲ್ಲ ರಾಜ್ಯಗಳಿಗೂ ಇದನ್ನು ಪರಿಗಣಿಸಲು ಹೇಳಿತು. ಹಿಂದುಳಿದ, ವಿಮುಕ್ತ ಸಮುದಾಯಗಳ ಅಮಾಯಕರ ಹೆಸರು ಪೂರ್ವಗ್ರಹದಿಂದ ಯಾಂತ್ರಿಕವಾಗಿ ಸೇರುವುದು ನಿಲ್ಲಬೇಕು ಅನ್ನುವುದೇ ಅದಕ್ಕೆ ಕೊಟ್ಟ ಕಾರಣ. 1871ರ ರಿಜಿಸ್ಟರಿನ ನೆರಳು 2024ರ ತೀರ್ಪಿನಲ್ಲಿ ಕಾಣಿಸಿಕೊಂಡದ್ದನ್ನು ಗಮನಿಸಿ.

ಇನ್ನು ಹುಡುಕುವ ವಿಷಯ. ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ವೆಬ್‌ಸೈಟಿನಲ್ಲಿ ಹಾಕಬೇಕು, ಸೂಕ್ಷ್ಮ ಪ್ರಕರಣ ಮಾತ್ರ ಬಿಡಬಹುದು ಅಂತ ಸುಪ್ರೀಂ ಕೋರ್ಟು 2016ರ ಸೆಪ್ಟೆಂಬರಿನಲ್ಲಿ ಹೇಳಿದೆ. ಜಿಲ್ಲಾ ಕೋರ್ಟುಗಳ ಕೇಸುಗಳನ್ನು ಇ-ಕೋರ್ಟ್ಸ್‌ನಲ್ಲಿ ಹೆಸರು, ಎಫ್‌ಐಆರ್ ನಂಬರ್ ಕೊಟ್ಟು ಹುಡುಕಬಹುದು. ನೀವು ಮುಂಬೈಯಲ್ಲಿ ಇದ್ದುಕೊಂಡೇ ಕಲಬುರಗಿ ಜಿಲ್ಲೆಯ ಕೇಸು ಏನಾಯಿತು ಅಂತ ನೋಡಬಹುದು. ಇದು ನಮ್ಮಂಥ ಊರು ಬಿಟ್ಟವರಿಗೆ ದೊಡ್ಡ ಅನುಕೂಲ, ಯಾಕೆಂದರೆ ಊರಿನಲ್ಲಿ ಹತ್ತು ವರ್ಷದ ಹಿಂದಿನ ಜಗಳದ ಕೇಸಿನಲ್ಲಿ ತನ್ನ ಹೆಸರೂ ಇದೆ ಅಂತ ಗೊತ್ತಿಲ್ಲದವರು ಇರುತ್ತಾರೆ. ಒಂದು ಎಚ್ಚರಿಕೆ: ನಮ್ಮಲ್ಲಿ ಒಂದೇ ಹೆಸರಿನವರು ನೂರಾರು ಜನ. ಅದೇ ಹೆಸರು ಕಂಡಿತು ಅಂತ ಹೆದರಬೇಡಿ, ಬೇರೆಯವರ ಮೇಲೆ ಸಂಶಯವನ್ನೂ ಪಡಬೇಡಿ. ತಂದೆಯ ಹೆಸರು, ಎಫ್‌ಐಆರ್ ನಂಬರ್ ತಾಳೆ ನೋಡಿ. ಕೇಸು ಮುಗಿದಿದ್ದರೆ ಆ ಕೋರ್ಟಿನ ನಕಲು ವಿಭಾಗಕ್ಕೆ ಅರ್ಜಿ ಹಾಕಿ ತೀರ್ಪಿನ ದೃಢೀಕೃತ ನಕಲು ತೆಗೆದಿಟ್ಟುಕೊಳ್ಳಿ. ಪೊಲೀಸರೇ ಬಿ ರಿಪೋರ್ಟ್ ಹಾಕಿ ಮುಚ್ಚಿದ್ದರೆ, ಅದನ್ನು ಒಪ್ಪಿದ ಮ್ಯಾಜಿಸ್ಟ್ರೇಟರ ಆದೇಶದ ನಕಲು ಬೇಕು. ಹಿಸ್ಟರಿ ಶೀಟ್ ಮುಚ್ಚಿಸಲು ಅರ್ಜಿ ಕೊಡುವಾಗಲೂ ಮೊದಲು ಕೇಳುವುದು ಈ ಕಾಗದವನ್ನೇ.

ಬೆರಳಚ್ಚಿಗೆ ಈಗ 2022ರ ಹೊಸ ಕಾಯ್ದೆ ಇದೆ. 1920ರದ್ದು ಹೋಯಿತು. ಈಗ ಬೆರಳು ಮಾತ್ರ ಅಲ್ಲ, ಕಣ್ಣಿನ ಪಾಪೆ, ಸಹಿ, ಕೈಬರಹ ಕೂಡ ‘ಅಳತೆ’. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಅದನ್ನು 75 ವರ್ಷ ಇಟ್ಟುಕೊಳ್ಳಬಹುದು. 20ನೇ ವಯಸ್ಸಿನಲ್ಲಿ ಕೊಟ್ಟ ಬೆರಳಚ್ಚು 95ರವರೆಗೆ! ಹಿಂದೆ ಶಿಕ್ಷೆಯಾಗದವನು ಖುಲಾಸೆಯಾಗಿ, ಮೇಲ್ಮನವಿಗಳೆಲ್ಲ ಮುಗಿದರೆ ಅಳಿಸಬೇಕು ಅಂತ ಇದರಲ್ಲೂ ಇದೆ. ಆದರೆ ಅದಕ್ಕೆ ರಾಜ್ಯದ ನೋಡಲ್ ಅಧಿಕಾರಿಗೆ ಕೋರಿಕೆ ಸಲ್ಲಿಸಬೇಕು. ‘ಕೈಗೇ ಕೊಡಬೇಕು’ ಅನ್ನುವ ಹಳೆಯ ಮಾತು ಹೊಸ ಕಾಯ್ದೆಯಲ್ಲಿ ಇಲ್ಲ.

ಕೋರ್ಟಿನ ದಾಖಲೆಯನ್ನು ಅಳಿಸುವುದು ಇನ್ನೂ ಕಷ್ಟ, ಅದು ಸಾರ್ವಜನಿಕ. 2017ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟು ಒಂದು ಪ್ರಕರಣದಲ್ಲಿ ಒಬ್ಬ ಹೆಣ್ಣುಮಗಳ ಹೆಸರು ಇಂಟರ್‌ನೆಟ್ ಹುಡುಕಾಟದಲ್ಲಿ ಸಿಗದ ಹಾಗೆ ನೋಡಿಕೊಳ್ಳಿ ಅಂತ ತನ್ನ ಕಚೇರಿಗೆ ಹೇಳಿತು. ಆದರೆ ದೃಢೀಕೃತ ನಕಲು ಕೇಳಿದರೆ ಅದರಲ್ಲಿ ಹೆಸರು ಇದ್ದಂತೆಯೇ ಇರುತ್ತದೆ ಅಂತಲೂ ಹೇಳಿತು. ನನಗೆ ಇದು ಸರಿ ಅನ್ನಿಸುತ್ತದೆ. ಇತಿಹಾಸ ಓದುವವನಿಗೆ ಮೂಲ ಕಾಗದ ಬೇಕು, ನೆರೆಮನೆಯವನ ಮೊಬೈಲಿಗೆ ಬೇಡ.

ಮಕ್ಕಳ ವಿಷಯದಲ್ಲಿ ಮಾತ್ರ ಕಾನೂನು ಸ್ಪಷ್ಟವಾಗಿದೆ. 2015ರ ಬಾಲ ನ್ಯಾಯ ಕಾಯ್ದೆಯ 24ನೇ ಕಲಮಿನ ಪ್ರಕಾರ, 18 ತುಂಬದ ಮಗು ಮಾಡಿದ ತಪ್ಪು ಮುಂದೆ ಅದರ ಅರ್ಹತೆಗೆ ಅಡ್ಡಿಯಾಗಕೂಡದು, ನಿಗದಿತ ಅವಧಿಯ ನಂತರ ದಾಖಲೆ ನಾಶ ಮಾಡಬೇಕು. 16 ದಾಟಿದವರ ಘೋರ ಅಪರಾಧ ಮಾತ್ರ ಇದಕ್ಕೆ ಹೊರತು. ಹೆಡ್ಮಾಸ್ಟರರು, ಹಾಸ್ಟೆಲ್ ವಾರ್ಡನ್ನರು ಈ ಕಲಮನ್ನು ಓದಿಕೊಂಡಿದ್ದರೆ ಎಷ್ಟೋ ಟಿ.ಸಿ.ಗಳು ಸುಮ್ಮನೆ ಕೊಡಲ್ಪಡುವುದಿಲ್ಲ.

ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವ ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಓದಿ. ಹೋದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವೆರಿಫಿಕೇಶನ್ ಫಾರ್ಮ್ ಹಿಡಿದುಕೊಂಡು ಬಂದು, “ಸರ್, ಕೇಸು ಖುಲಾಸೆ ಆಗಿದೆಯಲ್ಲ, ‘ಇಲ್ಲ’ ಅಂತ ಬರೆಯಲಾ?” ಅಂತ ಕೇಳಿದ. ಫಾರ್ಮ್‌ನ ಪ್ರಶ್ನೆ ‘ನಿಮಗೆ ಶಿಕ್ಷೆಯಾಗಿದೆಯೇ’ ಅಂತ ಮಾತ್ರ ಇದ್ದರೆ ‘ಇಲ್ಲ’ ಸರಿ. ‘ಯಾವಾಗಲಾದರೂ ಬಂಧನವಾಗಿದೆಯೇ, ವಿಚಾರಣೆ ನಡೆದಿದೆಯೇ’ ಅಂತ ಇದ್ದರೆ ‘ಹೌದು’ ಅಂತ ಬರೆದು, ಖುಲಾಸೆಯ ದಿನಾಂಕ ಹಾಕಿ, ತೀರ್ಪಿನ ನಕಲು ಲಗತ್ತಿಸಬೇಕು. 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿದೆ: ಕೊಟ್ಟ ಮಾಹಿತಿ ನಿಜವಾಗಿರಬೇಕು, ಕೇಳಿದ್ದನ್ನು ಮಾತ್ರ ಹೇಳದಿದ್ದರೆ ತಪ್ಪು. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಕೇಸನ್ನು ಬಚ್ಚಿಟ್ಟಿದ್ದರೂ ಅಧಿಕಾರಿ ಅದನ್ನು ಕ್ಷಮಿಸಬಹುದು. ನಿಜ ಹೇಳಿದ ಮೇಲೂ ಅಭ್ಯರ್ಥಿಯ ಹಿನ್ನೆಲೆ ನೋಡಿ ತೀರ್ಮಾನಿಸುವ ಅಧಿಕಾರ ಅವರಿಗಿದೆ, ಅದನ್ನೂ ತಿಳಿದಿರಿ. ಹುಡುಗ ಮರುದಿನವೇ ರೈಲು ಹತ್ತಿ ಊರಿನ ಕೋರ್ಟಿನ ನಕಲು ವಿಭಾಗಕ್ಕೆ ಹೋದ. ಫಾರ್ಮ್‌ನಲ್ಲಿ ಕಳೆದ ಐದು ವರ್ಷದ ವಿಳಾಸಗಳನ್ನೂ ಕೇಳಿದ್ದರು, ಹಾಗಾಗಿ ವಿಚಾರಣೆ ಇಲ್ಲಿನ ಠಾಣೆಗೂ ಹೋಗುತ್ತದೆ, ಊರಿನ ಠಾಣೆಗೂ ಹೋಗುತ್ತದೆ. ನಕಲು ಎರಡು ಪ್ರತಿ ಮಾಡಿಸಿಕೊಂಡು ಬಾ ಅಂತ ಹೇಳಿ ಕಳಿಸಿದೆ.